ಹತ್ತಿಯ ಒತ್ತು

ಗುರುವಾರ, 18 ಜುಲೈ 2024
ಹೆಗ್ಗಡದೇವನಕೋಟೆ

ಮಳೆ ಬಿಟ್ಟಿಲ್ಲ. ಒಗೆದ ಸೀರೆ ಮೂರು ದಿನವಾದರೂ ಹಸಿಹಸಿಯಾಗಿಯೇ ಇದೆ.

ಮಧ್ಯಾಹ್ನ ಬಿಸಿಯೂಟದ ಲೆಕ್ಕವನ್ನು ಮೊಬೈಲಿನಲ್ಲಿ ತುಂಬುತ್ತಾ ನಾಲ್ಕನೇ ತರಗತಿಯ ಆ ಹುಡುಗಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಓದಿಸುತ್ತಿದ್ದೆ. ಅವಳು ಒಂದು ಸಾಲು ಓದಿದಳು. "ಹ್ಞೂಂ, ಮುಂದೆ" ಎಂದೆ. ಮತ್ತೊಂದು ಸಾಲು. "ಹ್ಞೂಂ." ಆಮೇಲೆ ದನಿಯೇ ಇಲ್ಲ. ತಲೆಯೆತ್ತಿದರೆ ಪುಸ್ತಕ ಮುಚ್ಚಿಕೊಂಡು ನಿಂತಿದ್ದಾಳೆ.

"ಯಾಕೆ ನಿಲ್ಲಿಸಿದೆ?"

"ತಪ್ಪು ಓದಿದೆ ಟೀಚರ್. ಆದರೂ ನೀವು ಹ್ಞೂಂ ಎಂದಿರಿ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಅದಕ್ಕೇ ಎದೆಗೆ ನಾಟಿತು.

ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿ ಅವಳೊಂದಿಗೆ ನೆಲದಲ್ಲಿ ಕುಳಿತೆ. "ಅಪ್ಪ ಹತ್ತಿ ಬಿಡಿಸಿದ" ಎಂದು ಬರೆದುಕೊಟ್ಟೆ. "ಅಪ ಹತಿ ಬಿಡಿಸಿದ" ಎಂದಳು. ಮನೆಯ ಹೊಲದಲ್ಲೇ ಹತ್ತಿ ಬೆಳೆಯುವ ಮಗು, ಮಾತಿನಲ್ಲಿ ಎಂದೂ ಹತಿ ಎಂದವಳಲ್ಲ. ಮತ್ತೆ ಓದಿಸಿದೆ. ಮೂರನೇ ಸಲ ಅವಳ ಬೆರಳನ್ನು ನೋಡಿದೆ. ಅಕ್ಷರದ ಕೆಳಗೆ ಬೆರಳಿಟ್ಟು ಓದುತ್ತಾಳೆ, ನಾನೇ ಕಲಿಸಿದ ಹಾಗೆ. ಆ ಬೆರಳು ಒತ್ತಕ್ಷರವನ್ನು ಮುಚ್ಚುತ್ತಿತ್ತು! ಬೆರಳನ್ನು ಸಾಲಿನ ಮೇಲ್ಗಡೆಗೆ ಸರಿಸಿದೆ. "ಹತ್ತಿ" ಎಂದಳು. ತಡೆದು, "ಅಪ್ಪ" ಎಂದೂ ಓದಿದಳು.

ಒಂದೂವರೆ ತಿಂಗಳು ಇದು ನನ್ನ ಕಣ್ಣಿಗೆ ಬೀಳಲಿಲ್ಲವಲ್ಲ.

ನಲಿಯುತ್ತಾ ಕಲಿಸುವ ನಲಿಕಲಿ ಪದ್ಧತಿ ಹುಟ್ಟಿದ್ದೇ ನಮ್ಮ ಈ ತಾಲ್ಲೂಕಿನಲ್ಲಿ, 1995ರಲ್ಲಿ. ಅಲ್ಲಿ ಮಕ್ಕಳು 'ತಟ್ಟೆ' ಎನ್ನುವ ಸಣ್ಣ ಗುಂಪುಗಳಾಗಿ ಕೂರುತ್ತಾರೆ. ಒಂದು ತಟ್ಟೆಗೆ ಟೀಚರ್ ಪೂರ್ತಿಯಾಗಿ ಸಿಗುತ್ತಾರೆ, ಉಳಿದವರು ಒಬ್ಬರಿಗೊಬ್ಬರು ಹೇಳಿಕೊಡುತ್ತಲೋ ತಾವಾಗಿಯೋ ಕಲಿಯುತ್ತಾರೆ. ಮೂರನೇ ತರಗತಿಗೆ ಅದು ಮುಗಿಯುತ್ತದೆ. ನಾಲ್ಕಕ್ಕೆ ಬಂದ ಮಗುವಿಗೆ ಆ ತಟ್ಟೆಯನ್ನು ನಾನೂ ತೆಗೆದುಬಿಟ್ಟಿದ್ದೆ.

ಸಂಜೆ ಜೂನ್‌ನಲ್ಲಿ ಬರೆದಿಟ್ಟ ಪಟ್ಟಿಯನ್ನು ತೆಗೆದೆ. ಈ ವರ್ಷ ಮಾಡಬೇಕಾದ ಹನ್ನೊಂದು ಕೆಲಸಗಳು: ಕೈತೋಟ, ಗೋಡೆ ಪತ್ರಿಕೆ, ಪ್ರತಿಭಾ ಕಾರಂಜಿಗೆ ನಾಟಕ, ಇನ್ನೂ ಏನೇನೋ. ಒಂದೂ ಕೆಟ್ಟದ್ದಲ್ಲ, ಆಸೆಪಟ್ಟೇ ಬರೆದವು. ಒಂದೊಂದನ್ನೇ ಹೊಡೆದುಹಾಕುವಾಗ ಸಂಕಟವಾಯಿತು. ನಾಟಕಕ್ಕೆ ಬಂದಾಗ ಕೈ ನಿಂತಿತು, ಅದನ್ನೂ ಹೊಡೆದೆ. ದಸರಾ ರಜೆಯೊಳಗೆ, ಓದಲು ತಡವರಿಸುವ ಈ ಹುಡುಗಿಯೂ ಇನ್ನಿಬ್ಬರೂ ಸೇರಿ ಮೂವರು ಮಕ್ಕಳು ತಡವರಿಸದೆ ಓದಬೇಕು. ಅದೊಂದನ್ನು ಉಳಿಸಿಕೊಂಡೆ. ಲೆಕ್ಕ ತುಂಬುವುದು ತಪ್ಪುವುದಿಲ್ಲ, ಆದರೆ ಓದಿಸುವ ಹೊತ್ತಿನಲ್ಲಿ ಇನ್ನು ಮೊಬೈಲ್ ಬೀರುವಿನಲ್ಲಿ.

ಅಮ್ಮ ಫೋನ್ ಮಾಡಿದ್ದರು. ಮಾತನಾಡಬೇಕು.

ನಾಳೆ ಉಳಿದಿಬ್ಬರ ಬೆರಳು ಎಲ್ಲಿರುತ್ತದೆ ನೋಡಬೇಕು. ಅವರಲ್ಲಿ ಹುಡುಗನಿಗೆ ಒತ್ತಕ್ಷರ ಬರುತ್ತದೆ, ಅರ್ಕಾವತ್ತು ಬಂದರೆ ಮಾತ್ರ ನಿಂತುಬಿಡುತ್ತಾನೆ. ಮೊದಲು ಹೇಳಬೇಕಾದ ದನಿ ಬರಹದಲ್ಲಿ ಆಮೇಲೆ ಬರುತ್ತದಲ್ಲ, ಅವನಿಗೆ 'ಸೂರ್ಯ' ಎಂದು ಬರೆದುಕೊಟ್ಟು ನೋಡಬೇಕು.