ಕೊನೆಯ ಪದ ಕೇಳಿಸಬೇಕು: ಮಲೆನಾಡಿನ ಜಗಲಿಯಲ್ಲಿ 69 ಪ್ರೇಮಗೀತೆ

'69 ಲವ್ ಸಾಂಗ್ಸ್' ಆಲ್ಬಮ್ಮಿಗೆ ಮರುಳಾದವರು ರಾಗದ ಮಾತು ತೆಗೆಯುವುದು ಆಮೇಲೆ. ಮೊದಲು ಅವರ ಬಾಯಿಗೆ ಬರುವುದು ಯಾವುದೋ ಒಂದು ಸಾಲು, ಆ ಸಾಲಿನ ತುದಿಯಲ್ಲಿ ಕೂತಿರುವ ಒಂದು ಪದ. ಅಮೆರಿಕದ ದಿ ಮ್ಯಾಗ್ನೆಟಿಕ್ ಫೀಲ್ಡ್ಸ್ ತಂಡದ ಈ ಆಲ್ಬಮ್ ಮರ್ಜ್ ರೆಕಾರ್ಡ್ಸ್ ಮೂಲಕ 1999ರ ಸೆಪ್ಟೆಂಬರಿನಲ್ಲಿ ಹೊರಬಂತು. ಮೂರು ಸಿ.ಡಿ., ಒಂದೊಂದರಲ್ಲೂ 23 ಹಾಡು, ಒಟ್ಟು 172 ನಿಮಿಷ. ಅಷ್ಟನ್ನೂ ಬರೆದವರು ಸ್ಟೆಫಿನ್ ಮೆರಿಟ್. ಹಾಡಿದವರು ಅವರೂ ಸೇರಿ ಐದು ಜನ. ಮ್ಯಾನ್‌ಹಟನ್ನಿನ ಪಿಯಾನೋ ಬಾರೊಂದರಲ್ಲಿ ಕೂತಿದ್ದಾಗ ನೂರು ಪ್ರೇಮಗೀತೆ ಬರೆಯಬೇಕು ಎಂದು ಅವರಿಗೆ ಹೊಳೆಯಿತಂತೆ. ನೂರು ಅತಿಯಾಯಿತು ಅನಿಸಿ 69ಕ್ಕೆ ಇಳಿಸಿದರು. ಇದು ಪ್ರೀತಿಯ ಕುರಿತ ಆಲ್ಬಮ್ ಅಲ್ಲ, ಪ್ರೇಮಗೀತೆಗಳ ಕುರಿತದ್ದು ಎಂದು ಅವರೇ ಹೇಳಿದ್ದಾರೆ. ಅದಕ್ಕೇ ಕಂಟ್ರಿ, ಪಂಕ್, ಜಾಝ್, ಸಿಂಥ್ ಪಾಪ್ ಎಂದು ಹಾಡಿಗೊಂದು ವೇಷ.

ಇಂಥದ್ದನ್ನು ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಹತ್ತು ಹನ್ನೆರಡು ಜನ ಒಟ್ಟಿಗೆ ಕೂತು ಕೇಳುವುದು ಹೇಗೆ ಎಂಬುದಕ್ಕೆ ಈ ಬರಹ. ಇಂಗ್ಲಿಷ್ ಹಾಡು, ಅದರಲ್ಲೂ ಚಮತ್ಕಾರದ ಮಾತು, ನಮ್ಮಲ್ಲಿ ಯಾರಿಗೆ ಹಿಡಿಸುತ್ತದೆ ಎಂಬ ಅನುಮಾನ ಬೇಡ. ಮಳೆಗಾಲದಲ್ಲಿ ಯಕ್ಷಗಾನದ ಮೇಳಗಳು ತಿರುಗಾಟ ನಿಲ್ಲಿಸಿದ ಮೇಲೆ ತಾಳಮದ್ದಳೆಗೆ ಬಂದು ಕೂರುವ ಜನ ನಮ್ಮವರು. ವೇಷವಿಲ್ಲ, ಕುಣಿತವಿಲ್ಲ, ಎದುರಿನವನ ಮಾತನ್ನೇ ಹಿಡಿದು ಅರ್ಥಧಾರಿ ಅದನ್ನು ಹೇಗೆ ತಿರುಗಿಸುತ್ತಾನೆ ಎಂದು ಕಾಯುವುದೇ ಅಲ್ಲಿನ ರುಚಿ. ಆ ಕಿವಿಗೆ ಮೆರಿಟ್ ಅವರ ಹಾಡು ಬೇಗ ಒಗ್ಗುತ್ತದೆ. ಹೊರಗಿನ ಕಲೆಯನ್ನು ಊರಿನವರ ಮುಂದಿಟ್ಟು, ಕನ್ನಡದಲ್ಲಿ ನಾಲ್ಕು ಮಾತು ಹೇಳಿ, ಆಮೇಲೆ ಚರ್ಚೆಗೆ ಬಿಡುವ ಕ್ರಮವೂ ನಮಗೆ ಹೊಸದಲ್ಲ. 1949ರಲ್ಲಿ ಶುರುವಾದ ಹೆಗ್ಗೋಡಿನ ನೀನಾಸಂ ಜಗತ್ತಿನ ಸಿನಿಮಾಗಳನ್ನು ಹಳ್ಳಿಯವರಿಗೆ ತೋರಿಸಿದ್ದು ಹೀಗೆಯೇ.

ಕೆಡುವುದು ರುಚಿಯ ಕೊರತೆಯಿಂದಲ್ಲ, ಸದ್ದಿನಿಂದ. ಸಾಲಿನ ಕೊನೆಯ ಪದ ಕೇಳಿಸದಿದ್ದರೆ ಈ ಆಲ್ಬಮ್ಮಿನಲ್ಲಿ ಉಳಿಯುವುದು ಅರ್ಧ ಮಾತ್ರ.

ಮೊದಲು ಮಾಡು ನೋಡಿ. ತಗಡಿನ ಶೀಟಿನ ಕೆಳಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಜೋರು ಮಳೆ ಹೊಡೆದರೆ ಶೀಟಿನ ಸದ್ದೇ 70 ಡೆಸಿಬೆಲ್ ದಾಟುತ್ತದೆ. ಪದಗಳು ಸಲೀಸಾಗಿ ತಿಳಿಯಬೇಕಾದರೆ ಹಾಡು ಸುತ್ತಲಿನ ಸದ್ದಿಗಿಂತ 10–15 ಡೆಸಿಬೆಲ್ ಮೇಲಿರಬೇಕು. ಶೀಟಿನಡಿ ಅಷ್ಟು ಏರಿಸಿದರೆ ಅದು ಕೇಳುವುದಲ್ಲ, ಸಹಿಸುವುದು. ಮಳೆಯ ಸದ್ದು ಎಲ್ಲ ಸ್ಥಾಯಿಗಳಲ್ಲೂ ಹರಡಿರುವುದರಿಂದ ಸ, ತ, ಕ, ಫ ಥರದ ವ್ಯಂಜನಗಳನ್ನು ಮೊದಲು ನುಂಗುತ್ತದೆ. ಸ್ವರ ಉಳಿಯುತ್ತದೆ, ರಾಗ ಉಳಿಯುತ್ತದೆ, ಮಾತು ಹೋಗುತ್ತದೆ. ಹಂಚಿನ ಮನೆಯಾದರೆ ಮರದ ಮುಚ್ಚಿಗೆ ಇರುವ ನಡುಮನೆ ಆರಿಸಿಕೊಳ್ಳಿ; ಅಟ್ಟದ ಮೇಲೆ ಅಡಿಕೆ ಚೀಲ ಪೇರಿಸಿದ್ದರೆ ಇನ್ನೂ ಒಳ್ಳೆಯದು. ಆರ್‌ಸಿಸಿ ಮನೆಗೆ ಮಳೆಯ ಕಾಟವಿಲ್ಲ, ಆದರೆ ಟೈಲ್ಸ್ ನೆಲ, ಬೋಳು ಗೋಡೆ ಸೇರಿ ಸದ್ದು ಮಾರ್ದನಿಸುತ್ತದೆ. ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಆಮೇಲೂ ಟಣ್ ಎಂದು ಗುಂಯ್‌ಗುಟ್ಟಿದರೆ ನೆಲಕ್ಕೆ ಜಮಖಾನ, ಸ್ಪೀಕರಿನ ಎದುರು ಗೋಡೆಗೆ ಎರಡು ದಪ್ಪ ಕಂಬಳಿ. ಜನ ತುಂಬಿದ ಮೇಲೆ ಗುಂಯ್ ಇನ್ನಷ್ಟು ತಗ್ಗುತ್ತದೆ.

ಸ್ಪೀಕರಿನ ವಿಷಯದಲ್ಲೇ ಹೆಚ್ಚು ಜನ ಎಡವುವುದು. ಗಣಪತಿ ಕೂರಿಸುವಾಗ ತರುವಂಥ ದೊಡ್ಡ ಬಾಕ್ಸ್ ಬೇಡವೇ ಬೇಡ. ಮೆರಿಟ್ ಅವರದು ತೀರ ಮಂದ್ರದ ದನಿ. ಬೇಸ್ ಏರಿಸಿದ ಬಾಕ್ಸಿನಲ್ಲಿ ಅದು ಬುಂ ಎಂದು ಊದಿಕೊಂಡು, ತನ್ನ ಪದಗಳನ್ನು ತಾನೇ ಮುಚ್ಚುತ್ತದೆ. ಬಾಕ್ಸನ್ನು ಮೂಲೆಗೆ ತಳ್ಳಿದರೆ ಬೇಸ್ ಮತ್ತೂ ಉಬ್ಬುತ್ತದೆ. ಗೋಡೆಯಿಂದ ಒಂದು ಮೀಟರಾದರೂ ಈಚೆ ತನ್ನಿ, ಕೂತವರ ಕಿವಿಯ ಮಟ್ಟಕ್ಕೆ ಸ್ಟೂಲಿನ ಮೇಲಿಡಿ. ಬೇಸ್ ಬೂಸ್ಟ್ ಗುಂಡಿ ಆಫ್ ಮಾಡಿ. ಸ್ಥಾಯಿಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಸರ್ ಇದ್ದರೆ 200–300 ಹರ್ಟ್ಸ್ ಬಳಿ 3 ಡೆಸಿಬೆಲ್ ಇಳಿಸಿ, 2.5–3 ಕಿಲೋಹರ್ಟ್ಸ್ ಬಳಿ 2 ಡೆಸಿಬೆಲ್ ಏರಿಸಿ. ಅದಕ್ಕಿಂತ ಹೆಚ್ಚು ಏರಿಸಿದರೆ ಆಲ್ಬಮ್ಮಿನ ಗಾಯಕಿಯರಾದ ಕ್ಲಾಡಿಯಾ ಗಾನ್ಸನ್, ಶರ್ಲಿ ಸಿಮ್ಸ್ ಹಾಡುವಾಗ ದನಿ ಚುಚ್ಚುತ್ತದೆ. ಹನ್ನೆರಡು ಜನಕ್ಕೆ ಒಂದು ದೊಡ್ಡ ಸ್ಪೀಕರ್ ಜೋರಾಗಿ ಹಾಕುವುದಕ್ಕಿಂತ ಎರಡು ಚಿಕ್ಕವನ್ನು ಹತ್ತಿರ ಇಟ್ಟು ಮೆಲ್ಲಗೆ ಹಾಕುವುದು ಮೇಲು. ದೂರ ಹೆಚ್ಚಿದಂತೆ ಸ್ಪೀಕರಿನಿಂದ ನೇರ ಬರುವ ದನಿ ಬೇಗ ಕುಗ್ಗುತ್ತದೆ, ಕೋಣೆಯ ಮಾರ್ದನಿ ಕುಗ್ಗುವುದಿಲ್ಲ. ಹಿಂದಿನ ಸಾಲಿನವರಿಗೆ ಮಾತು ಕಲಸಿಹೋಗುವುದು ಇದರಿಂದಲೇ. ಕೂತ ಜಾಗದಲ್ಲಿ ಫೋನಿನ ಆ್ಯಪ್ 70ರ ಆಸುಪಾಸು ತೋರಿಸಿದರೆ ಸಾಕು. ಮೆರಿಟ್ ಅವರ ಎಡಗಿವಿಗೆ ಜೋರು ಸದ್ದು ಆಗುವುದಿಲ್ಲ. ತಂಡ ವೇದಿಕೆಯ ಮೇಲೂ ಡ್ರಮ್ಸ್ ಬಿಟ್ಟು ಮೆಲ್ಲಗೆ ನುಡಿಸಿ ಹೆಸರಾದದ್ದು. ಮೆಲ್ಲಗೆ ಕೇಳಿದರೆ ಈ ಹಾಡುಗಳಿಗೆ ನಷ್ಟವೇನೂ ಇಲ್ಲ.

ಕರೆಂಟಿನ ಕತೆ ಎಲ್ಲರಿಗೂ ಗೊತ್ತು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಆಂಪ್ಲಿಫೈಯರ್ ಹಾಕಿದರೆ ಝುಂ ಎಂಬ ಸದ್ದು ಹಾಡಿನುದ್ದಕ್ಕೂ ಇರುತ್ತದೆ. ಬ್ಯಾಟರಿ ಇರುವ ಸ್ಪೀಕರನ್ನು ಬೆಳಿಗ್ಗೆಯೇ ಚಾರ್ಜ್ ಮಾಡಿಟ್ಟುಕೊಳ್ಳಿ. ಲ್ಯಾಪ್‌ಟಾಪಿನಿಂದ ವೈರ್ ಎಳೆದಾಗ ಹಮ್ ಬಂದರೆ ಚಾರ್ಜರ್ ಕಿತ್ತು ನೋಡಿ. ಬಹಳ ಸಲ ಅಲ್ಲಿಗೆ ನಿಲ್ಲುತ್ತದೆ. ಘಟ್ಟದ ಅಂಚಿನ ಊರುಗಳಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ. ಮೂರೂ ಸಿ.ಡಿ. 256 ಕೆಬಿಪಿಎಸ್‌ನಲ್ಲಿ ಸುಮಾರು 330 ಎಂಬಿ ಆಗುತ್ತದೆ. ದುಡ್ಡು ಕೊಟ್ಟು ಕೊಂಡು ಫೋನಿಗೆ ಇಳಿಸಿಟ್ಟುಕೊಳ್ಳಿ.

ಇಲ್ಲಿ ಒಂದು ಸೆಟ್ಟಿಂಗನ್ನು ಮರೆಯದೆ ನೋಡಬೇಕು: ಕ್ರಾಸ್‌ಫೇಡ್. ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಕೂಡಿಸುವ ಈ ಸವಲತ್ತು ಮದುವೆ ಮನೆಗೆ ಸರಿ. ಇಲ್ಲಿ ಐದು ಸೆಕೆಂಡಿನ ಕ್ರಾಸ್‌ಫೇಡ್ ಎಂದರೆ ಕೊನೆಯ ಸಾಲಿನ ಮೇಲೆ ಮುಂದಿನ ಹಾಡಿನ ಬ್ಯಾಂಜೋ ಬಂದು ಬೀಳುತ್ತದೆ. 'ಯೆ ಓ ಯೆ' ಎಂಬ ಯುಗಳಗೀತೆ ಗಂಡ ಹೆಂಡಿರ ಪ್ರಶ್ನೋತ್ತರ. ಅವಳು ಕೇಳುತ್ತ ಹೋಗುತ್ತಾಳೆ, ಅವನು ಪ್ರತಿಯೊಂದಕ್ಕೂ ಹೌದು ಹೌದು ಎನ್ನುತ್ತಾನೆ. ಪ್ರಶ್ನೆಗಳು ಚಾಕುವಿನ ತನಕ ಬರುತ್ತವೆ. ಆ ಘಟ್ಟ ಮಸುಕಾದರೆ ಇಡೀ ಹಾಡು ಖುಷಿಯ ಗದ್ದಲವಾಗಿ ಕೇಳಿಸುತ್ತದೆ. ಐದು ನಿಮಿಷದ 'ಪಾಪಾ ವಾಸ್ ಎ ರೋಡಿಯೋ' ಇನ್ನೂ ಸೂಕ್ಷ್ಮ. ನಾನು ಒಂದು ಕಡೆ ನಿಲ್ಲುವವನಲ್ಲ, ನನ್ನನ್ನು ನೆಚ್ಚಬೇಡ ಎಂದು ಹಾಡಿನುದ್ದಕ್ಕೂ ಹೇಳಿದವನು ಕೊನೆಯ ಚರಣದಲ್ಲಿ 55 ವರ್ಷ ಜೊತೆಗೇ ಕಳೆದಿರುತ್ತಾನೆ, ಶರ್ಲಿ ಸಿಮ್ಸ್ ಅವರ ದನಿ ಬಂದು ಸೇರುವುದೂ ಆ ಹೊತ್ತಿಗೆ. ಯಾರಾದರೂ ನಾಲ್ಕನೇ ನಿಮಿಷಕ್ಕೆ ಕಾಫಿ ಯಾರಿಗೆ ಎಂದು ಕೇಳಿದರೆ ಮುಗಿಯಿತು. ಹಾಗೆಯೇ ಹಾಡುಗಳ ಕ್ರಮ ಕಲಸುವ ಷಫಲನ್ನೂ ಆಫ್ ಮಾಡಿ, ಎಲ್ಲ ಹಾಡಿನ ಸದ್ದು ಸರಿಸಮ ಮಾಡುವ ನಾರ್ಮಲೈಸೇಷನ್ ಇದ್ದರೆ ಆಲ್ಬಮ್ ಮಟ್ಟಕ್ಕೆ ಇಡಿ.

ಇನ್ನು ಮಾತಿನ ಏರ್ಪಾಡು. ಸಾಹಿತ್ಯದ ಹಾಳೆಯನ್ನು ಮೊದಲೇ ಹಂಚಬಾರದು. ಕಣ್ಣು ಕಿವಿಗಿಂತ ಮುಂದೆ ಓಡುತ್ತದೆ, ಪ್ರಾಸ ಬೀಳುವ ಮೊದಲೇ ಓದಿ ಮುಗಿದಿರುತ್ತದೆ. ಏನೂ ಕೊಡದಿದ್ದರೂ ಕಷ್ಟ, ಏಕೆಂದರೆ ಮೆರಿಟ್ ಹೆಸರುಗಳ ಮೇಲೆ ಪ್ರಾಸ ಕಟ್ಟುತ್ತಾರೆ. ಹೆಸರು ಗೊತ್ತಿಲ್ಲದಿದ್ದರೆ ಹಿಡಿತ ತಪ್ಪುತ್ತದೆ. ಪ್ರತಿ ಹಾಡಿಗೆ ಕನ್ನಡದಲ್ಲಿ ಮೂರು ಸಾಲಿನ ಚೀಟಿ ಮಾಡಿ: ಹೇಳುತ್ತಿರುವವರು ಯಾರು, ಯಾರಿಗೆ, ತಿಳಿದಿರಬೇಕಾದ ಹೆಸರು ಯಾವುದು. ಚಮತ್ಕಾರವನ್ನು ಮಾತ್ರ ಬಿಡಿಸಿ ಹೇಳಬೇಡಿ.

'ರೀನೋ ಡಕೋಟಾ' ತೆಗೆದುಕೊಳ್ಳಿ. ಕ್ಲಾಡಿಯಾ ಗಾನ್ಸನ್ ಹಾಡಿದ ಒಂದು ನಿಮಿಷ ಚಿಲ್ಲರೆಯ ಹಾಡು. ಚೀಟಿಯಲ್ಲಿ ಇರಬೇಕಾದದ್ದು ಇಷ್ಟು: ಫೋನೂ ಮಾಡದೆ ಕಾಣೆಯಾದ ಪ್ರಿಯಕರನ ಹೆಸರು ರೀನೋ ಡಕೋಟಾ, ನೀನೋ ರೋಟಾ ಇಟಲಿಯ ಸಿನಿಮಾ ಸಂಗೀತ ನಿರ್ದೇಶಕ, ಇಂಗ್ಲಿಷಿನವರಿಗೆ ದುಃಖದ ಬಣ್ಣ ನೀಲಿ, ಪ್ಯಾಂಟೋನ್ 292 ಎನ್ನುವುದು ಮುದ್ರಣದ ಶಾಯಿಯಲ್ಲಿ ಒಂದು ತಿಳಿನೀಲಿಯ ನಂಬರು. ತನ್ನ ದುಃಖ ಯಾವ ನೀಲಿ ಎಂದು ಅವಳು ನಂಬರು ಸಮೇತ ಹೇಳುವ ಜಾಗಕ್ಕೆ ಆಫ್‌ಸೆಟ್ ಪ್ರೆಸ್ಸಿನಲ್ಲಿ ಕೆಲಸ ಮಾಡಿದವರು ಯಾರಾದರೂ ಕೂತಿದ್ದರೆ ಅವರಿಗೆ ಚೀಟಿಯೇ ಬೇಡ. 'ದಿ ಡೆತ್ ಆಫ್ ಫರ್ಡಿನೆಂಡ್ ಡಿ ಸೊಸ್ಯೂರ್' ಕೂಡ ಹಾಗೆಯೇ. ಸೊಸ್ಯೂರ್ (1857–1913) ಸ್ವಿಟ್ಜರ್ಲೆಂಡಿನ ಭಾಷಾವಿಜ್ಞಾನಿ. ಶಂಕರಘಟ್ಟದಲ್ಲೋ ಇನ್ನೆಲ್ಲೋ ಎಂ.ಎ. ಮಾಡುತ್ತ ಭಾಷಾವಿಜ್ಞಾನ ಓದಿದವರಿಗೆ ಪರೀಕ್ಷೆಯ ಹೆಸರು. ಪ್ರೀತಿ ಎಂದರೇನು ಎಂದು ತನಗೆ ಖಾತ್ರಿಯಿಲ್ಲ ಎಂದದ್ದಕ್ಕೆ ಹಾಡಿನಲ್ಲಿ ಅವರ ಕೊಲೆಯಾಗುತ್ತದೆ. ಇದು ಅವರಿಗಾಗಿ ಎಂದು ಕೊಂದವನು ಹೆಸರು ಹೇಳುವುದು ಹಾಲಂಡ್–ಡೋಜರ್–ಹಾಲಂಡ್ ಎಂಬ ಹಾಡು ಬರೆಯುವವರ ತಂಡದ್ದು; ಅವರು ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಎಷ್ಟೋ ಪ್ರೇಮಗೀತೆ ಹೊಸೆದವರು. ಇಷ್ಟು ಚೀಟಿಯಲ್ಲಿದ್ದರೆ ಸಾಕು. ಸೊಸ್ಯೂರ್ ಎಂಬ ಹೆಸರಿಗೆ ಎಷ್ಟೊಂದು ಪ್ರಾಸ ಸಿಗುತ್ತದೆ ಎಂಬುದನ್ನು ಜನ ತಾವೇ ಕೇಳಿಕೊಳ್ಳಲಿ.

ಕ್ರಮ ಹೀಗೆ: ಚೀಟಿ ಓದಿ, ಹಾಡು ಹಾಕಿ, ಒಂದು ನಿಮಿಷ ಮಾತಾಡಲು ಬಿಡಿ, ಈಗ ಸಾಹಿತ್ಯದ ಹಾಳೆ ಕೊಟ್ಟು ಇನ್ನೊಮ್ಮೆ ಹಾಕಿ. ಹಾಡುಗಳ ಸರಾಸರಿ ಎರಡೂವರೆ ನಿಮಿಷ, ಹಾಗಾಗಿ ಒಂದು ಸುತ್ತಿಗೆ ಆರೇಳು ನಿಮಿಷ ಸಾಕು. ಒಂದು ಸಂಜೆಗೆ ಹನ್ನೆರಡು ಹಾಡು, ನಡುವೆ ಬಿಡುವು, ಅಲ್ಲಿಗೆ ಎರಡು ಗಂಟೆ ಹತ್ತಿರ. ಅದಕ್ಕಿಂತ ಎಳೆಯಬೇಡಿ. 69ನ್ನೂ ಒಂದೇ ಕೂರಿಕೆಯಲ್ಲಿ ಮುಗಿಸುವ ಹುಮ್ಮಸ್ಸು ಹಲವರಿಗೆ ಬರುತ್ತದೆ, ಎರಡನೇ ಸಿ.ಡಿ.ಯ ಮಧ್ಯಕ್ಕೆ ಕಿವಿ ಪದ ಹಿಡಿಯುವುದನ್ನು ಬಿಡುತ್ತದೆ. 2024ರಲ್ಲಿ ಆಲ್ಬಮ್ಮಿಗೆ 25 ತುಂಬಿದಾಗ ತಂಡವೇ ಇದನ್ನು ಎರಡು ರಾತ್ರಿಗೆ ಹಂಚಿ ಹಾಡಿತು.

ಮೊದಲ ಸಂಜೆಗೆ ಆಲ್ಬಮ್ಮಿನ ಮೊದಲ ಹಾಡು 'ಆ್ಯಬ್ಸಲ್ಯೂಟ್ಲಿ ಕುಕ್ಕೂ' ಇರಲಿ, ಆದರೆ ಮೊದಲಿಗೇ ಬೇಡ. ಉಸಿರು ಬಿಡದಂತೆ ಮಾತು ಓಡುವ ಆ ಹಾಡಿಗೆ ಕಿವಿ ಸ್ವಲ್ಪ ಪಳಗಿರಬೇಕು. ಶುರುವಿಗೆ 'ದಿ ಬುಕ್ ಆಫ್ ಲವ್'. ನಿಧಾನ, ದನಿ ಸ್ಪಷ್ಟ, ಮಾತು ಸರಳ: ಪ್ರೀತಿಯ ಪುಸ್ತಕ ಉದ್ದ, ಬೇಜಾರಿನದು, ಎತ್ತಲಾರದಷ್ಟು ಭಾರ; ಆದರೆ ನೀನು ಓದಿ ಹೇಳಿದರೆ ಇಷ್ಟ. ಪೀಟರ್ ಗೇಬ್ರಿಯಲ್ ಇದನ್ನು ಆರ್ಕೆಸ್ಟ್ರಾ ಜೊತೆ ಹಾಡಿದ ಮೇಲೆ ಹೆಚ್ಚು ಜನರಿಗೆ ತಲುಪಿತು. ಮೆರಿಟ್ ಅವರ ಬೋಳು ಹಾಡಿಕೆಯನ್ನೇ ಮೊದಲು ಕೇಳಿಸಿ. ವಾದ್ಯಗಳು ತುಂಬಿದಾಗ ಮೊದಲ ಸಾಲಿನ ಬೇಜಾರು ಕರಗಿ ಬರೀ ಮಾಧುರ್ಯ ಉಳಿಯುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಾದ ಮೇಲೆ ತಲೆ ಕಡಿದ ಕೋಳಿಯಂತೆ ಹೃದಯ ಓಡಾಡುವ 'ಎ ಚಿಕನ್ ವಿತ್ ಇಟ್ಸ್ ಹೆಡ್ ಕಟ್ ಆಫ್', ಆಮೇಲೆ ಎಲ್.ಡಿ. ಬೆಗ್ಟೋಲ್ ಹಾಡಿದ 'ಆಲ್ ಮೈ ಲಿಟಲ್ ವರ್ಡ್ಸ್', ಅದರ ಹಿಂದೆ ರೀನೋ. ಪಂಕ್, ಜಾಝ್, ಪ್ರಯೋಗದ ಹೆಸರಿನ ಅಣಕು ಹಾಡುಗಳು ಮೂರನೇ ಸಂಜೆಗೆ ಸಾಕು. ಭಾವಗೀತೆ ಕೇಳಿ ಬೆಳೆದವರು ಪಲ್ಲವಿ ಮತ್ತೆ ಮತ್ತೆ ಬರಲಿ ಎಂದು ಕಾಯುತ್ತಾರೆ. ಇಲ್ಲಿ ಎಷ್ಟೋ ಹಾಡು ಕಾಯುವಷ್ಟರಲ್ಲಿ ಮುಗಿದಿರುತ್ತದೆ. ಎರಡನೇ ಸಲ ಹಾಕುವುದು ಅವರಿಗಾಗಿಯೂ ಹೌದು. ಕೆಲವು ಹಾಡುಗಳ ಮಾತು ಹಸಿಹಸಿ. ಮಕ್ಕಳು, ಹಿರಿಯರು ಕೂರುವ ಮನೆಯಾದರೆ ಮೊದಲೇ ಕೇಳಿ ಆರಿಸಿಕೊಳ್ಳಿ.

ತಿಂಡಿಯ ವಿಷಯಕ್ಕೂ ಇಲ್ಲಿ ನಿಯಮ ಬೇಕು. ಹಲಸಿನ ಹಪ್ಪಳ, ಚಕ್ಕುಲಿ ಬಿಡುವಿನಲ್ಲಿ ಮಾತ್ರ. ಕಚ್ಚುವ ಸದ್ದು ದವಡೆಯ ಮೂಳೆಯಿಂದ ನೇರ ಕಿವಿಯೊಳಕ್ಕೆ ಹೋಗುತ್ತದೆ, ಪಕ್ಕದವನಿಗಿಂತ ತಿನ್ನುವವನಿಗೇ ಹಾಡು ತಪ್ಪುತ್ತದೆ. ಹಾಡಿನ ನಡುವೆ ಕೊಡಲೇಬೇಕಿದ್ದರೆ ಕೊಟ್ಟೆ ಕಡುಬು, ಬಿಸಿ ಕಷಾಯ. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಕೇಳಬಹುದೇ ಎಂದರೆ, ಎರಡನೇ ಸುತ್ತಿಗೆ ಧಾರಾಳವಾಗಿ. ಕತ್ತಿಯ ಸದ್ದು ಬಿಟ್ಟು ಬಿಟ್ಟು ಬರುವುದರಿಂದ ಪದಗಳು ನುಸುಳಿ ಬರುತ್ತವೆ, ಮಳೆಯ ಹಾಗೆ ಮುಚ್ಚುವುದಿಲ್ಲ. ಮೊದಲ ಸಲ ಕೇಳುವವರಿಗೆ ಮಾತ್ರ ಬೇಡ. ಕಣ್ಣು ಕತ್ತಿಯ ಮೇಲಿರಬೇಕು, ಹಾಳೆಯ ಮೇಲಲ್ಲ.

ಮನೆಯ ಕೂಟಕ್ಕೆ ತೊಂದರೆಯಿಲ್ಲ. ಸಭಾಭವನ ಹಿಡಿದು ಟಿಕೆಟ್ ಇಟ್ಟು ಧ್ವನಿಮುದ್ರಣ ಹಾಕುವುದಾದರೆ ಪರವಾನಗಿ ಬೇಕಾಗುತ್ತದೆ, ಅದನ್ನು ಮುಂಚೆಯೇ ವಿಚಾರಿಸಿಕೊಳ್ಳಿ.

ಸಂಜೆಯ ಕೊನೆಗೆ ಮತ ಹಾಕಿಸಿ, ಒಬ್ಬೊಬ್ಬರಿಗೆ ಮೂರು ಚೀಟಿ. ಒಂದೇ ಚೀಟಿ ಕೊಟ್ಟರೆ ಎಲ್ಲರೂ 'ದಿ ಬುಕ್ ಆಫ್ ಲವ್' ಬರೆದು ಎದ್ದುಬಿಡುವ ಸಂಭವ ಹೆಚ್ಚು. ಎರಡನೆಯ, ಮೂರನೆಯ ಚೀಟಿಯಲ್ಲೇ ಅವರವರ ಹಾಡು ಹೊರಬರುವುದು, ವಾದ ಶುರುವಾಗುವುದು. ಯಾರ ಮತವೂ ಬೀಳದ ಹಾಡುಗಳನ್ನು ಗುರುತು ಹಾಕಿಟ್ಟುಕೊಂಡು ಮುಂದಿನ ಸಂಜೆ ಅವುಗಳಲ್ಲಿ ಎರಡನ್ನು ಮತ್ತೆ ಹಾಕಿ. ಆಗಲೂ ಹಿಡಿಸದಿದ್ದರೆ ಮೊದಲು ಆ ಹಾಡಿನ ಮೂರು ಸಾಲಿನ ಚೀಟಿ ತಿದ್ದಿ: ಹೆಸರು ಬಿಟ್ಟುಹೋಗಿರುತ್ತದೆ, ಇಲ್ಲವೇ ಹೇಳುತ್ತಿರುವವರು ಯಾರು ಎಂಬುದೇ ತಪ್ಪಾಗಿರುತ್ತದೆ.