ಗೇಜಿನಲ್ಲಿ 90 ಸೆಂಟ್ಸ್, ಗುಡ್ಡದ ಮೇಲೆ ಒಣ ಮಣ್ಣು

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಆಳುಗಳ ಹಾಜರಿ, ಕೊಯ್ಲಿನ ತೂಕ, ಗೊಬ್ಬರದ ಲೆಕ್ಕ ಎಲ್ಲ ನನ್ನದು. ಮಳೆ ಪುಸ್ತಕವೂ ನನ್ನದೇ. ಬೆಳಿಗ್ಗೆ ಆಫೀಸಿನ ಮುಂದಿನ ಮಳೆ ಅಳೆಯುವ ಗೇಜು ನೋಡಿ ಎಷ್ಟು ಸೆಂಟ್ಸ್ ಅಂತ ಬರೆಯಬೇಕು. 100 ಸೆಂಟ್ಸ್ ಅಂದರೆ 1 ಇಂಚು.

ರೊಬಸ್ಟಾ ಜಾತಿಯ ಕಾಫಿ ತೋಟಕ್ಕೆ ಫೆಬ್ರವರಿ, ಮಾರ್ಚ್‌ನ ಹೂಮಳೆಯೇ ಜೀವ. ಇಂಚಿನ ಆಸುಪಾಸು ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಸ್ವಲ್ಪ ಹನಿದು ನಿಂತರೇ ಕಷ್ಟ. ಮೊಗ್ಗು ಎಚ್ಚರಾಗಿರುತ್ತದೆ, ಅರಳಲು ನೀರು ಸಾಲುವುದಿಲ್ಲ. ಕೆರೆ ಇದ್ದವರು ಸ್ಪ್ರಿಂಕ್ಲರ್ ಹಾಕಿ ಆ ಕೊರತೆ ತುಂಬುತ್ತಾರೆ.

ಕೆಲವು ವರ್ಷದ ಹಿಂದೆ, ಮಾರ್ಚ್ ಮೊದಲ ವಾರ. ಕೆಳಗಿನ ಬ್ಲಾಕಿನಲ್ಲಿ ಸ್ಪ್ರಿಂಕ್ಲರ್ ಶುರುವಾಗಿತ್ತು. ಸಂಜೆ ಗುಡುಗು ಸಮೇತ ಒಳ್ಳೇ ಮಳೆ ಬಂತು. ಬೆಳಿಗ್ಗೆ ಗೇಜಿನಲ್ಲಿ 90 ಸೆಂಟ್ಸ್. ನನಗೆ ಎಷ್ಟು ಖುಷಿಯಾಯಿತು ಅಂದರೆ ತಕ್ಷಣ ಸಾಹುಕಾರರಿಗೆ ಫೋನ್ ಮಾಡಿದೆ. ಪೈಪು ಎತ್ತಿಸಿ, ಡೀಸೆಲ್ ಉಳಿಯಿತು ಅಂದರು. ಎತ್ತಿಸಿದೆ.

ಮಧ್ಯಾಹ್ನ ಗುಡ್ಡದ ಬ್ಲಾಕಿನಿಂದ ಬಂದ ಹಿರಿಯ ಹೆಂಗಸೊಬ್ಬರು ಹೇಳಿದರು: "ರೈಟ್ರೇ, ಮೇಲೆ ತರಗೆಲೆ ಅಡಿ ಒಣಗಿದಂಗೇ ಅದೆ."

ನಾನು ಪುಸ್ತಕ ತೋರಿಸಿದೆ. 90 ಅಂತ ಬರೆದಾಗಿದೆ ಅಂದೆ. ಅವರು ಇನ್ನೇನೂ ಹೇಳಲಿಲ್ಲ. ಅರ್ಧ ಗಂಟೆ ಹತ್ತಿ ಹೋಗಿ ನಾನೇ ಮಣ್ಣು ಕೆದಕಿ ನೋಡಬಹುದಿತ್ತು. ಹೋಗಲಿಲ್ಲ.

ಒಂಬತ್ತನೇ ದಿನ ಆಫೀಸಿನ ಸುತ್ತ ಘಮ್ ಅನ್ನುವ ಹೂವು, ಜೇನಿನ ಸದ್ದು. ಗುಡ್ಡದ ಮೇಲೆ ಮೊಗ್ಗು ಅರ್ಧ ಬಿಚ್ಚಿ ಹಾಗೇ ನಿಂತಿದ್ದವು. ಆಮೇಲೆ ನೀರು ಕೊಟ್ಟರೂ ಅವು ಸರಿಯಾಗಲಿಲ್ಲ. ಮುಂದಿನ ಕೊಯ್ಲಿನಲ್ಲಿ ಆ ಬ್ಲಾಕಿನ ತೂಕ ಬರೆಯುವಾಗ ನನಗೆ ಕೈ ಬರಲಿಲ್ಲ. ಹೂವು ಹೋದರೆ ವರ್ಷವೇ ಹೋಯಿತು, ಅಲ್ವಾ?

ಬೇಸಿಗೆ ಮಳೆ ಮಲೆನಾಡಿನಲ್ಲಿ ಹಾಗೇ. ಗುಡುಗಿನ ಮೋಡ ಒಂದು ಕಣಿವೆಗೆ ಸುರಿದು ಪಕ್ಕದ ಗುಡ್ಡ ಬಿಟ್ಟು ಹೋಗುತ್ತದೆ. ಈಗೀಗ ತಿಂಗಳ ಲೆಕ್ಕವನ್ನೂ ನಂಬುವ ಹಾಗಿಲ್ಲ. 2021ರ ಜನವರಿಯಲ್ಲಿ ಕೊಯ್ಲಿನ ನಡುವೆಯೇ ಮಳೆ ಬಂತು. ಕಣದಲ್ಲಿ ಹರವಿದ ಹಣ್ಣು ನೆನೆಯಿತು. ಗಿಡದಲ್ಲಿ ಹಣ್ಣಿರುವಾಗಲೇ ಹೂವೂ ಬಿಟ್ಟಿತು. ಕೊಯ್ಯಲು ಕೈ ಹಾಕಿದರೆ ಹೂವು ಉದುರುತ್ತಿತ್ತು. ಕೊಯ್ಯದೆ ಬಿಟ್ಟರೆ ಹಣ್ಣು ಉದುರುತ್ತಿತ್ತು. ಮೊಬೈಲಿನ ಮುನ್ಸೂಚನೆ ನಾನೂ ದಿನಾ ನೋಡುತ್ತೇನೆ, ಟಾರ್ಪಾಲು ಸಿದ್ಧ ಇಡಲು ಅದು ಬೇಕು. ಆದರೆ ನಮ್ಮ ಯಾವ ಬ್ಲಾಕಿಗೆ ಎಷ್ಟು ಬಿತ್ತು ಅಂತ ಅದು ಹೇಳುವುದಿಲ್ಲ.

ಈಗ ನಾಲ್ಕು ಗೇಜುಗಳಿವೆ. ಸಾಹುಕಾರರನ್ನು ಕೇಳಿ ಹಾಕಿಸಿದೆ, ಖರ್ಚೇನೂ ಜಾಸ್ತಿ ಆಗಲಿಲ್ಲ. ಹೂಮಳೆ ಬಂದ ಮಾರನೇ ದಿನ ನಾಲ್ಕನ್ನೂ ನೋಡಿ, ಪ್ರತಿ ಬ್ಲಾಕಿನಲ್ಲಿ ತರಗೆಲೆ ಸರಿಸಿ, ಗೇಣುದ್ದ ಮಣ್ಣು ಕೆದಕುತ್ತೇನೆ. ತೇವ ಕೆಳಗೆ ಇಳಿದಿಲ್ಲದಿದ್ದರೆ ಅವತ್ತೇ ಸ್ಪ್ರಿಂಕ್ಲರ್. ಮಣ್ಣು ನೋಡುವವರೆಗೆ ಪೈಪು ಎತ್ತಿಸುವುದಿಲ್ಲ.

ಆ ಹಿರಿಯ ಹೆಂಗಸು ಈಗಲೂ ಗುಡ್ಡದ ಬ್ಲಾಕಿನಲ್ಲೇ ಇದ್ದಾರೆ. ಮಳೆ ಬಂದ ಬೆಳಿಗ್ಗೆ ಹಾಜರಿ ಕರೆಯುವ ಮೊದಲು ಅವರನ್ನು ಕೇಳುತ್ತೇನೆ. ಅವರು ಹೇಳಿದ್ದನ್ನು ಪುಸ್ತಕದಲ್ಲಿ ಸೆಂಟ್ಸ್ ಪಕ್ಕದಲ್ಲೇ ಬರೆಯುತ್ತೇನೆ.