ಗೌಡರ ತೋಟದ ಟಿಸಿ

ಹೊಳಲ್ಕೆರೆ ತಾಲ್ಲೂಕಿನ ಒಂದು ಅಡಿಕೆ ತೋಟದ ಪಂಪ್‌ಹೌಸಿನಲ್ಲಿ, ಸ್ಟಾರ್ಟರ್ ಪೆಟ್ಟಿಗೆಯ ಪಕ್ಕದ ಮೊಳೆಗೆ ಮೊಳದುದ್ದದ ಬಿದಿರಿನ ಕೋಲೊಂದನ್ನು ತೂಗುಹಾಕಿದ್ದರು. ಅದೇಕೆಂದು ಕೇಳಿದಾಗ ತೋಟದ ಗೌಡರು, "ಬಟನ್ ಒತ್ತೋಕೆ ಸ್ವಾಮಿ, ಕೈಯಲ್ಲಿ ಮುಟ್ಟಿದ್ರೆ ಜುಮ್ ಅಂತದೆ" ಎಂದರು. ಅವರು ನನ್ನನ್ನು ಕರೆಸಿದ್ದು ಇದಕ್ಕಲ್ಲ. ಆ ಬೇಸಿಗೆಯಲ್ಲಿ ಎರಡನೆಯ ಸಲ ಮೋಟರ್ ಸುಟ್ಟಿತ್ತು.

ಊರಂಚಿನ ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಪಂಪ್‌ಹೌಸಿಗೆ 900 ಮೀಟರ್ ದೂರ. ತೆಳುವಾದ ಅಲ್ಯೂಮಿನಿಯಂ ತಂತಿಯ ಎಲ್‌ಟಿ (ಕಡಿಮೆ ವೋಲ್ಟೇಜಿನ) ಲೈನು. ಅದರ ರೋಧ ಕಿಲೋಮೀಟರಿಗೆ ಸುಮಾರು 1.4 ಓಮ್. 10 ಎಚ್‌ಪಿಯ ಎರಡು ಪಂಪುಗಳೂ ಓಡುತ್ತಿದ್ದಾಗ ಟಿಸಿಯ ಬಳಿ 415 ವೋಲ್ಟ್ ಇದ್ದದ್ದು ತೋಟದಲ್ಲಿ 345ಕ್ಕೆ ಇಳಿದಿತ್ತು. ಕ್ಲಾಂಪ್ ಮೀಟರ್ 33 ಆಂಪಿಯರ್ ತೋರಿಸಿತು. ಮೂರು ತಂತಿಗಳನ್ನು ಬಿಸಿಮಾಡುವುದಕ್ಕೇ ಸುಮಾರು 4 ಕಿಲೋವ್ಯಾಟ್ ಹೋಗುತ್ತಿತ್ತು, ಅಂದರೆ ಮೂರನೆಯ ಒಂದು ಸಣ್ಣ ಪಂಪನ್ನು ಓಡಿಸುವಷ್ಟು! ವೋಲ್ಟೇಜ್ ಇಳಿದಷ್ಟೂ ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಅದರಿಂದ ವೋಲ್ಟೇಜ್ ಇನ್ನಷ್ಟು ಇಳಿಯುತ್ತದೆ. ಎರಡನೆಯ ಕೊಳವೆಬಾವಿ ತೆಗೆಸಿದಾಗ ಇದೇ ಲೈನು ಸಾಕೆಂದು ಹೇಳಿದ್ದವನು ನಾನೇ ಆದ್ದರಿಂದ ಲೆಕ್ಕ ಬರೆಯುವಾಗ ನನಗೆ ತುಸು ಮುಜುಗರವಾಯಿತು.

ತೋಟದ ಬೇಲಿಯಿಂದ ಮೂರು ಕಂಬದಾಚೆ 11 ಕೆವಿ (11,000 ವೋಲ್ಟ್) ಲೈನು ಹಾದುಹೋಗಿತ್ತು. ದೂರವನ್ನು ಅದರಲ್ಲೇ ಕ್ರಮಿಸಿ ಪಂಪ್‌ಹೌಸಿನ ಹತ್ತಿರ ಇಳಿಸುವುದು ಸರಿಯಾದ ದಾರಿ. 433 ವೋಲ್ಟ್ ಕೊಡುವ ಟಿಸಿಯಿಂದ 33 ಆಂಪಿಯರ್ ಎಳೆದರೂ 11 ಕೆವಿಯ ಕಡೆ ಸುಮಾರು 1.3 ಆಂಪಿಯರ್ ಸಾಕು; ಅದೇ ತಂತಿಯಲ್ಲಾದರೂ ನಷ್ಟ ಆರುನೂರರಲ್ಲಿ ಒಂದು ಭಾಗಕ್ಕಿಂತಲೂ ಕೆಳಗಿಳಿಯುತ್ತದೆ.

ಗೌಡರಿಗೆ 63 ಕೆವಿಎ ಟಿಸಿ ಬೇಕಿತ್ತು (ಕೆವಿಎ ಎಂದರೆ ಟಿಸಿ ಹೊರಬಲ್ಲ ಹೊರೆಯ ಅಳತೆ). ದೊಡ್ಡ ಟಿಸಿ ಕೂರಿಸಿದರೆ ವೋಲ್ಟೇಜ್ ಜಾಸ್ತಿ ಬರುತ್ತದೆಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿಯೇ ಇದೆ. ತಂತಿಯಲ್ಲಿ ಸೋರಿಹೋದ ವೋಲ್ಟೇಜನ್ನು ಕೆವಿಎ ಮರಳಿ ತರುವುದಿಲ್ಲ. ಎರಡೂ ಪಂಪು ಸೇರಿ 21 ಕೆವಿಎ ಆಸುಪಾಸಿನ ಹೊರೆ, ಮೂರನೆಯ ಬಾವಿ ಇನ್ನೂ ಬಾಯಿಮಾತಿನಲ್ಲಿತ್ತು. ಆದ್ದರಿಂದ 25 ಕೆವಿಎ, ಹೈಟೆನ್ಷನ್ (11 ಕೆವಿ) ಕಡೆ ಸುರುಳಿಗಳ ತ್ರಿಕೋನ ಜೋಡಣೆಯಾದ ಡೆಲ್ಟಾ, ಲೋಟೆನ್ಷನ್ (433 ವೋಲ್ಟ್) ಕಡೆ ಮೂರು ಸುರುಳಿಗಳು ಕೂಡುವ ಬಿಂದುವಾದ ನ್ಯೂಟ್ರಲ್ಲನ್ನು ಹೊರತೆಗೆದ ಸ್ಟಾರ್ ಎಂದು ತೀರ್ಮಾನಿಸಿದೆ. ನನ್ನನ್ನು ಕಾಡಿದ್ದು ಆಟೋ ಸ್ಟಾರ್ಟರು. ತ್ರೀ ಫೇಸ್ ಬಂದ ಕ್ಷಣವೇ ಎರಡು ಮೋಟರುಗಳೂ ನೇರವಾಗಿ ಎದ್ದರೆ, ಮಾಮೂಲಿನ ಆರು ಪಟ್ಟು ಕರೆಂಟಿಗೆ ಈ ಸಣ್ಣ ಟಿಸಿಯ ವೋಲ್ಟೇಜ್ ಕಾಲುಭಾಗದಷ್ಟು ಕುಸಿಯುತ್ತದೆ. ಆರಂಭದ ಕರೆಂಟನ್ನು ತಗ್ಗಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿಸಿ, ಎರಡನೆಯದಕ್ಕೆ ಒಂದು ನಿಮಿಷ ತಡವಾಗಿ ಏಳುವ ಟೈಮರ್ ಕೂರಿಸಿದೆ.

ಅರ್ಥಿಂಗ್ (ಭೂಮಿಗೆ ಜೋಡಿಸುವ) ಕೆಲಸಕ್ಕೇ ಎರಡು ದಿನ ಹಿಡಿಯಿತು. ಸಿಡಿಲಿನ ಹೊಡೆತವನ್ನು ಭೂಮಿಗಿಳಿಸುವ ಲೈಟ್ನಿಂಗ್ ಅರೆಸ್ಟರಿಗೆ ಒಂದು ಗುಂಡಿ, ನ್ಯೂಟ್ರಲ್ಲಿಗೆ ಒಂದು, ಟಿಸಿಯ ಹೊರಕವಚಕ್ಕೆ ಮತ್ತು ನ್ಯೂಟ್ರಲ್ಲಿನ ಎರಡನೆಯ ಜೋಡಣೆಗೆ ಇನ್ನೊಂದು ಎಂದು ತ್ರಿಕೋನದಲ್ಲಿ ಮೂರು ಗುಂಡಿಗಳನ್ನು ಗುರುತು ಹಾಕಿದೆ. ನ್ಯೂಟ್ರಲ್ಲನ್ನು ಎರಡು ಪ್ರತ್ಯೇಕ ದಾರಿಗಳಲ್ಲಿ ಭೂಮಿಗೆ ಜೋಡಿಸಬೇಕೆಂಬುದು ಹಳೆಯ ನಿಯಮ. ಒಂದು ಕಿತ್ತುಹೋದರೂ ಇನ್ನೊಂದಿರಲಿ ಎಂದು. ಎರಡೂವರೆ ಮೀಟರಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪುಗಳಾದ್ದರಿಂದ ಗುಂಡಿಗಳ ನಡುವೆ ಅದರ ಎರಡರಷ್ಟಕ್ಕೂ ಹೆಚ್ಚು, ಅಂದರೆ ಆರು ಮೀಟರ್ ಅಂತರ ಬಿಟ್ಟೆವು. ನಾಲ್ಕಡಿಗೇ ಗರಸು ಸಿಕ್ಕಿತು, ಗುದ್ದಲಿ ಟಣ್ಣೆಂದಿತು. ಇದ್ದಿಲು ಉಪ್ಪು ತುಂಬಿಸಿ ಅಳೆದರೆ ಮೊದಲ ಗುಂಡಿ 22 ಓಮ್ ತೋರಿಸಿತು. ಗುರುತನ್ನು ಬದಲಿಸಿ ತೋಟದ ಬಸಿಗಾಲುವೆಯ ಮಗ್ಗುಲಿಗೆ ಸರಿದೆವು. ಅಲ್ಲಿ ಐದಡಿಯ ಕೆಳಗೆ ಮಣ್ಣು ಹಿಡಿದರೆ ಉಂಡೆಯಾಗುತ್ತಿತ್ತು. ಅಲ್ಲಿ 5 ಓಮ್ ಬಂತು.

ಆಗ ಕೋಲಿನ ವಿಚಾರಕ್ಕೆ ಬಂದೆ. ಸ್ಟಾರ್ಟರ್ ಪೆಟ್ಟಿಗೆಗೂ ಒಂದು ಅರ್ಥ್ ಇತ್ತು: ನೆಲಕ್ಕೆ ಹೊಡೆದ ಒಂದು ಕಬ್ಬಿಣದ ಸರಳು, 20 ಓಮ್. "ಭೂಮಿತಾಯಿ ಎಳ್ಕಂತಾಳೆ ಬಿಡಿ" ಎಂದರು ಗೌಡರು. ಅದಕ್ಕೆ ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದೆ. ಫೇಸ್ ತಂತಿ ಪೆಟ್ಟಿಗೆಗೆ ತಗುಲಿದರೆ ಫೇಸಿಗೂ ನ್ಯೂಟ್ರಲ್ಲಿಗೂ ನಡುವಿನ 250 ವೋಲ್ಟ್, ದಾರಿಯಲ್ಲಿ ಸರಳಿನ 20 ಮತ್ತು ನ್ಯೂಟ್ರಲ್ ಗುಂಡಿಯ 5 ಸೇರಿ 25 ಓಮ್. ಹರಿಯುವುದು 10 ಆಂಪಿಯರ್. 32 ಆಂಪಿಯರಿನ ಫ್ಯೂಸಿಗೆ ಅದು ಲೆಕ್ಕಕ್ಕೇ ಇಲ್ಲ. ಫ್ಯೂಸ್ ಹೋಗದೆ ಪೆಟ್ಟಿಗೆ 200 ವೋಲ್ಟಿನಲ್ಲಿ ನಿಂತಿರುತ್ತದೆ. ಜುಮ್ ಎಂದದ್ದು ಆ ಅಪಾಯದ ಮೊದಲ ಸೂಚನೆಯಷ್ಟೆ. ಬಿಚ್ಚಿ ನೋಡಿದಾಗ ಒಂದು ಕೇಬಲ್ಲಿನ ಕವಚವನ್ನು ಇಲಿ ಕಡಿದಿತ್ತು.

ಟಿಸಿ ಈಗ ಪಂಪ್‌ಹೌಸಿಗೆ 40 ಮೀಟರಿನಲ್ಲೇ ಇದ್ದುದರಿಂದ ಪೆಟ್ಟಿಗೆಯ ಬಾಡಿಯಿಂದ ನ್ಯೂಟ್ರಲ್ ಗುಂಡಿಯವರೆಗೆ ಎಲ್ಲೂ ತುಂಡಾಗದ ಜಿಐ ಪಟ್ಟಿಯನ್ನು ಹೂಳಿಸಿದೆ. ಫೇಸಿನಿಂದ ಪೆಟ್ಟಿಗೆಗೆ ಬಂದ ಕರೆಂಟ್ ಟಿಸಿಗೆ ಸುತ್ತಿಬರುವ ದಾರಿಯ ರೋಧ (ಲೂಪ್ ರೋಧ) ಒಂದು ಓಮಿಗಿಂತ ಕೆಳಗಿಳಿಯಿತು. ಫೇಸ್ ತಗುಲಿದರೆ ಈಗ 250 ಆಂಪಿಯರಿಗೂ ಹೆಚ್ಚು ಹರಿದು ಫ್ಯೂಸ್ ಹಾರಿಹೋಗುತ್ತದೆ. ಜೊತೆಗೆ, ಕರೆಂಟ್ ಸೋರಿದೊಡನೆ ಲೈನನ್ನು ಕಡಿದುಹಾಕುವ ಆರ್‌ಸಿಸಿಬಿಯೊಂದನ್ನೂ ಹಾಕಿಸಿದೆ.

ಮಳೆ ಹಿಡಿದ ಮೇಲೆ ಜುಲೈಯಲ್ಲಿ ಮತ್ತೊಮ್ಮೆ ಹೋದಾಗ ಮೋಟರುಗಳು 405 ವೋಲ್ಟಿನಲ್ಲಿ ಓಡುತ್ತಿದ್ದವು, ನ್ಯೂಟ್ರಲ್ ಗುಂಡಿ 3 ಓಮ್ ತೋರಿಸಿತು. ಆದರೂ ಪಂಪ್‌ಹೌಸಿನ ಗೋಡೆಯ ಮೇಲೆ ಏಪ್ರಿಲ್ಲಿನ ಬೇಸಿಗೆಯಲ್ಲಿ ಬಂದಿದ್ದ 5 ಓಮನ್ನೇ ಬರೆಸಿದೆ. ಗೌಡರು ಬರುವ ಹೊತ್ತಿಗೆ ಅವರ ಸೊಸೆ ಪೆಟ್ಟಿಗೆಯ ಮುಂದೆ ನಿಂತು, ಅದೇ ಕೋಲಿನಿಂದ ಹಸಿರು ಬಟನ್ ಒತ್ತುತ್ತಿದ್ದರು.